ಊರಿನ ಹೊಲದಲ್ಲಿ ಆರ್ಚರಿ ರೇಂಜ್ ಮಾಡಬಹುದಾ? ಟಾರ್ಗೆಟ್ ಹಿಂದೆ ಎಷ್ಟು ಜಾಗ ಬಿಡಬೇಕು?

ತಿಪಟೂರು_ತೋಟ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಹಾಸ್ಟೆಲ್‌ನಲ್ಲಿದ್ದು ಆರ್ಚರಿ ಕಲಿಯುತ್ತಿದ್ದಾಳೆ, ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವುದು). ರಜೆಗೆ ಬಂದಾಗ ಅಭ್ಯಾಸ ತಪ್ಪಬಾರದು ಅಂತ ಹೊಲದಲ್ಲೇ ಒಂದು ರೇಂಜ್ ಮಾಡುವ ಯೋಚನೆ. 1 ಎಕರೆ 10 ಗುಂಟೆ ಇದೆ, ರಾಗಿ ಹೊಲ, ಉತ್ತರ ದಕ್ಷಿಣಕ್ಕೆ ಸುಮಾರು 120 ಮೀಟರ್ ಉದ್ದ, ಅಗಲ 42 ಮೀಟರ್. ಉತ್ತರದ ತುದಿಗೆ ಪಕ್ಕದವರ ತೆಂಗಿನ ತೋಟ. ಪೂರ್ವದ ಬದುವಿನ ಮೇಲೆ ಜನ ಓಡಾಡುವ ಕಾಲುದಾರಿ. ಟಾರ್ಗೆಟ್ 70 ಮೀಟರ್ ದೂರಕ್ಕೆ ಇಡಲು ಆಗುತ್ತಾ? ಹಿಂದೆ ಹಸಿರು ಶೇಡ್ ನೆಟ್ ಕಟ್ಟಿದರೆ ಸಾಕಾ? ಹುಲ್ಲಿನ ಮೆದೆ ಹೇಗೂ ಇದೆ, ಅದಕ್ಕೇ ಹೊಡೆಯಬಹುದಾ?

ಗುರಿಗಾರ

ಸಾರ್, ಎಲ್ಲರೂ ಟಾರ್ಗೆಟ್ ಬಗ್ಗೆ ಕೇಳುತ್ತಾರೆ, ನೀವು ಅದರ ಹಿಂದಿನ ಜಾಗದ ಬಗ್ಗೆ ಕೇಳಿದ್ದೀರಿ, ಒಳ್ಳೆಯದು.

ಜಾಗ ಉದ್ದಕ್ಕಿರುವುದು ನಿಮ್ಮ ಅದೃಷ್ಟ. ಚೌಕಾಕಾರದ ಒಂದು ಎಕರೆ ಇದ್ದಿದ್ದರೆ ಒಂದು ಬದಿ ಸುಮಾರು 64 ಮೀಟರ್ ಅಷ್ಟೇ, 70 ಹಿಡಿಸುವುದೇ ಇಲ್ಲ. ನಿಮ್ಮ 120ರಲ್ಲಿ ಶೂಟಿಂಗ್ ಲೈನ್ (ನಿಂತು ಬಾಣ ಬಿಡುವ ಗೆರೆ) ಹಿಂದೆ 15 ಬಿಡಿ, 70 ಹೊಡೆಯಲು, ಉಳಿದದ್ದು 35. ಏನೂ ತಡೆ ಇಲ್ಲದೆ 35 ಸಾಲದು. ನಾನಾಗಿದ್ದರೆ ಸದ್ಯಕ್ಕೆ 50 ಮೀಟರ್‌ಗೇ ನಿಲ್ಲಿಸುತ್ತಿದ್ದೆ. ಆಗ ಹಿಂದೆ 55 ಸಿಗುತ್ತದೆ. ಅವಳ ವಯಸ್ಸಿನವರಿಗೆ 18 ವರ್ಷದೊಳಗಿನ ಸ್ಪರ್ಧೆಯಲ್ಲಿ ದೂರ 60 ಮೀಟರ್, 70 ಏನೂ ಅರ್ಜೆಂಟ್ ಇಲ್ಲ.

ಶೇಡ್ ನೆಟ್ ಬೇಡ. ಬಾಣ ಸಲೀಸಾಗಿ ತೂರಿಕೊಂಡು ಹೋಗುತ್ತದೆ. ಬಾಣ ತಡೆಯುವ ನೆಟ್ಟೇ ಬೇರೆ ಬರುತ್ತದೆ, ಅದನ್ನೂ ಬಿಗಿಯಾಗಿ ಕಟ್ಟಬಾರದು, ಸಡಿಲವಾಗಿ ಇಳಿಬಿಟ್ಟು ಕೆಳಗಿನ ಅಂಚು ನೆಲದ ಮೇಲೆ ಬಿದ್ದಿರಬೇಕು. ಅದಕ್ಕಿಂತ ಮಣ್ಣಿನ ದಿಬ್ಬ ಒಳ್ಳೆಯದು. ಕೃಷಿ ಹೊಂಡ ತೆಗೆಸುವ ಯೋಚನೆ ಇದ್ದರೆ ಅದೇ ಮಣ್ಣನ್ನು ಜೇಸಿಬಿಯಲ್ಲಿ ಟಾರ್ಗೆಟ್ ಹಿಂದೆ ಸುರಿಸಿ, ಎದುರು ಮುಖದ ಕಲ್ಲು ಆರಿಸಿ ತೆಗೆಯಿರಿ. ಕಲ್ಲಿಗೆ ಬಡಿದ ಬಾಣ ಮುರಿಯುತ್ತದೆ, ಇಲ್ಲ ಎತ್ತಲೋ ಹಾರುತ್ತದೆ.

ಆದರೆ ದಿಬ್ಬ ಇದೆ ಅಂತ ಸುಮ್ನೆ ಇರಬೇಡಿ. ಕೆಲವರು ಬಿಲ್ಲನ್ನು ಆಕಾಶಕ್ಕೆ ಎತ್ತಿ ಎಳೆದು ಆಮೇಲೆ ಕೆಳಗಿಳಿಸುತ್ತಾರೆ. ಎಳೆಯುವಾಗ ಬೆರಳು ಜಾರಿದರೆ ಬಾಣ ದಿಬ್ಬ, ನೆಟ್ ಎಲ್ಲ ದಾಟಿ 200 ಮೀಟರ್ ಆಚೆ ಬೀಳಬಹುದು. ಮಗಳು ಎಳೆಯುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಬಾಣದ ತುದಿ ದಿಬ್ಬದ ನೆತ್ತಿಗಿಂತ ಮೇಲೆ ಹೋಗಲೇಬಾರದು. ನಿಮ್ಮ ಉತ್ತರಕ್ಕೆ ತೆಂಗಿನ ತೋಟ ಅಂದಿರಿ. ಕಾಯಿ ಕೀಳುವವನು ಮರದ ಮೇಲಿದ್ದರೆ ಅವನಿಗೆ ನಿಮ್ಮ ದಿಬ್ಬದಿಂದ ಏನೂ ರಕ್ಷಣೆ ಇಲ್ಲ, ಅಲ್ವಾ? ಆ ತೋಟದಲ್ಲಿ ಕೆಲಸ ಇರುವ ದಿನ ಬಿಲ್ಲು ಮುಟ್ಟಬೇಡಿ.

ಉತ್ತರಕ್ಕೆ ಮುಖ ಮಾಡಿ ಹೊಡೆಯುವುದೇ ಸರಿ, ಬೆಳಿಗ್ಗೆ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಆಷಾಢದಲ್ಲಿ ಮಾತ್ರ ಪಡುವಣ ಗಾಳಿ ಎಡಗಡೆಯಿಂದ ಬಡಿಯುತ್ತದೆ, ಬಾಣ ಬಲಕ್ಕೆ, ಅಂದರೆ ನಿಮ್ಮ ಕಾಲುದಾರಿಯ ಕಡೆಗೇ ವಾಲುತ್ತದೆ. ಟಾರ್ಗೆಟ್ಟನ್ನು ಪಶ್ಚಿಮದ ಬದುವಿನ ಕಡೆ ಸರಿಸಿ ಇಡಿ.

ಹಸು_ಸಾಕಿದವಳು

ಮೆದೆಗೆ ಹೊಡೆಯುವುದು ದಯವಿಟ್ಟು ಬೇಡ ಅಣ್ಣ. ಈಗಿನ ಬಾಣ ಕಾರ್ಬನ್‌ನವು. ಮುರಿದರೆ ಕೂದಲಿನಷ್ಟು ತೆಳ್ಳಗಿನ ಚೂಪು ಎಳೆಗಳಾಗಿ ಸಿಗಿಯುತ್ತವೆ. ಅದು ಹುಲ್ಲಿನಲ್ಲಿ ಸೇರಿದರೆ ಕಣ್ಣಿಗೇ ಕಾಣುವುದಿಲ್ಲ, ಹಸು ಹುಲ್ಲಿನ ಜೊತೆ ನುಂಗುತ್ತದೆ. ರೇಂಜ್ ಜಾಗದ ಹುಲ್ಲನ್ನೂ ಮೇವಿಗೆ ಕೊಯ್ಯಬೇಡಿ.

ನಮ್ಮ ತಮ್ಮ ಮನೆಯಲ್ಲೇ ಮಾಡಿಕೊಂಡಿದ್ದಾನೆ: ರಟ್ಟಿನ ಡಬ್ಬಗಳನ್ನು ಪಟ್ಟಿ ಪಟ್ಟಿಯಾಗಿ ಕುಯ್ದು, ಒಂದರ ಮೇಲೊಂದು ಪೇರಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಉದ್ದದ ಬೋಲ್ಟ್ ಹಾಕಿ ಬಿಗಿ ಮಾಡುವುದು. ಬಾಣ ಪಟ್ಟಿಗಳ ಸಂದಿಗೆ ಹೊಕ್ಕು ನಿಲ್ಲುತ್ತದೆ. ಸಡಿಲ ಆದಾಗ ನಟ್ ತಿರುಗಿಸಿದರೆ ಆಯಿತು. ಮೇಲೊಂದು ತಗಡು ಹಾಕಿ, ಕೆಳಗೆ ಕಲ್ಲಿನ ಮೇಲೆ ಕೂರಿಸಿ. ಇಲ್ಲದಿದ್ದರೆ ಮಳೆ ಅರ್ಧ, ಗೆದ್ದಲು ಅರ್ಧ ತಿಂದು ಮುಗಿಸುತ್ತವೆ.

ಬಯಲುಸೀಮೆ

ಮೇಲಿನವರು ಹೇಳಿದ್ದೆಲ್ಲ ಸರಿ. ಕಾಲುದಾರಿಗೆ ಬೋರ್ಡ್ ಹಾಕುತ್ತೇನೆ ಅನ್ನಬೇಡಿ, ನಮ್ಮೂರುಗಳಲ್ಲಿ ಬೋರ್ಡ್ ಓದಿ ದಾರಿ ಬದಲಿಸುವವರು ಯಾರೂ ಇಲ್ಲ, ಮೇಕೆ ಅಂತೂ ಓದುವುದೇ ಇಲ್ಲ. ಹೊಡೆಯುವಾಗೆಲ್ಲ ದೊಡ್ಡವರೊಬ್ಬರು ಬರೀ ದಾರಿ ನೋಡುತ್ತಾ ನಿಂತಿರಬೇಕು, ಕೈಯಲ್ಲಿ ಸೀಟಿ. ಎರಡು ಸೀಟಿ ಅಂದರೆ ಲೈನಿಗೆ ಬಾ, ಒಂದು ಅಂದರೆ ಹೊಡಿ, ಮೂರು ಅಂದರೆ ಬಾಣ ತರಲು ಹೋಗು, ಐದು ಅಥವಾ ಜಾಸ್ತಿ ಊದಿದರೆ ತಕ್ಷಣ ನಿಲ್ಲಿಸು. ಸ್ಪರ್ಧೆಯಲ್ಲೂ ಇದೇ, ಮಗಳಿಗೆ ಗೊತ್ತಿರುತ್ತದೆ.

ಕಾಗದದ ವಿಚಾರ: ಮನೆಯವರು ಹೊಡೆದುಕೊಂಡು ಉಳಿದ ದಿನ ರಾಗಿ ಬೆಳೆದರೆ ಅದು ಒಂದು. ಫೀಸ್ ತೆಗೆದುಕೊಂಡು ಅಕಾಡೆಮಿ ಅಂತ ಶೆಡ್ ಕಟ್ಟಿದರೆ ಅದು ಕೃಷಿಯೇತರ ಬಳಕೆ, 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕನ್ವರ್ಷನ್ (ಭೂ ಪರಿವರ್ತನೆ) ಕೇಳುತ್ತಾರೆ. ಆಗ ಪಂಚಾಯಿತಿ ಕಡೆಗೂ ಹೋಗಬೇಕಾಗುತ್ತದೆ.

ತಿಪಟೂರು_ತೋಟ

ತುಂಬಾ ಥ್ಯಾಂಕ್ಸ್. ಕಾಯಿ ಕೀಳುವವರ ವಿಷಯ ನನಗೆ ಹೊಳೆದೇ ಇರಲಿಲ್ಲ. ತೋಟದವರು ನಮಗೆ ದೊಡ್ಡಪ್ಪ ಆಗಬೇಕು, ಮೊದಲು ಅವರ ಹತ್ತಿರ ಕೂತು ಮಾತಾಡುತ್ತೇನೆ. ಇನ್ನೊಂದು, ಹೊಲಕ್ಕೆ ನವಿಲು, ಹಂದಿ ಎಲ್ಲ ಬರುತ್ತವೆ. ಊರ ಹುಡುಗರು ಆಗಲೇ "ಬಿಲ್ಲು ಬಂದರೆ ಹಂದಿ ಕಾಟ ಹೋಯಿತು" ಅನ್ನುತ್ತಿದ್ದಾರೆ.

ಗುರಿಗಾರ

ಆ ಮಾತು ಶುರುವಾದ ದಿನವೇ ನಿಲ್ಲಿಸಿ ಸಾರ್. 1972ರ ವನ್ಯಜೀವಿ ಕಾಯ್ದೆ ಬಿಲ್ಲಿಗೂ ಬಂದೂಕಿಗೂ ಬೇರೆ ಬೇರೆ ಇಲ್ಲ, ನವಿಲಂತೂ ಅತಿ ಹೆಚ್ಚು ರಕ್ಷಣೆ ಇರುವ ಒಂದನೇ ಷೆಡ್ಯೂಲ್‌ನಲ್ಲಿದೆ. ಬಿಲ್ಲು ಹೊಲದ ಮನೆಯಲ್ಲಿ ಇಡಬೇಡಿ, ಮನೆಗೆ ತಂದು ಬೀಗ ಹಾಕಿ. ನವಿಲು ಅಡ್ಡ ಬಂದರೆ ಐದು ಸೀಟಿ ಊದಿ, ಅದೇ ಹೋಗುತ್ತದೆ.