ವೀಸಾ ಕೊಡಿಸಿದ ಸಂಸ್ಥೆಯನ್ನು ಅವಧಿಗೆ ಮುನ್ನ ಬಿಟ್ಟರೆ ಖರ್ಚನ್ನೆಲ್ಲ ಮರಳಿಸಲೇಬೇಕೆ? (ಇಂಗ್ಲೆಂಡ್, ನರ್ಸಿಂಗ್)

ಪ್ರಶ್ನೆ: ಬಂಟ್ವಾಳದ ನರ್ಸ್, ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಲ್ಲಿಯೇ ಐದು ವರ್ಷ ಕೆಲಸ ಮಾಡಿ, 2024ರ ಮಾರ್ಚ್ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಒಂದು ವೃದ್ಧರ ನರ್ಸಿಂಗ್ ಹೋಮಿಗೆ ಹೆಲ್ತ್ ಅಂಡ್ ಕೇರ್ ವೀಸಾದ ಮೇಲೆ ಬಂದೆ. ಮೂರನೆಯ ತಿಂಗಳಲ್ಲಿ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಪಾಸಾಗಿ, ನರ್ಸುಗಳ ನೋಂದಣಿ ಮಂಡಳಿಯಾದ ಎನ್‌ಎಂಸಿಯ ಪಿನ್ (ನೋಂದಣಿ ಸಂಖ್ಯೆ) ಕೂಡ ದೊರೆಯಿತು. ಅಂದಿನಿಂದ ಹೆಚ್ಚಿನ ರಾತ್ರಿಗಳಲ್ಲಿ ನಲವತ್ತಕ್ಕೂ ಮಿಕ್ಕ ವೃದ್ಧರಿಗೆ ನಾನೊಬ್ಬಳೇ ನರ್ಸ್. ಮಾತ್ರೆ ಕೊಡುವ ಸರದಿ ಮುಗಿಯುವ ಮೊದಲೇ ಎಲ್ಲೋ ಒಬ್ಬರು ಬಿದ್ದಿರುತ್ತಾರೆ. ಒಂದಲ್ಲ ಒಂದು ದಿನ ನನ್ನ ಕೈಯಿಂದ ತಪ್ಪಾಗಿ ಒಂದು ಜೀವಕ್ಕೆ ತೊಂದರೆಯಾದೀತು ಎಂಬ ಭಯದಲ್ಲಿ ನಿದ್ದೆ ಬರುವುದಿಲ್ಲ. ಈಗ ಒಂದು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಬ್ಯಾಂಡ್ 5 (ನರ್ಸುಗಳ ಆರಂಭಿಕ ವೇತನಶ್ರೇಣಿ) ಹುದ್ದೆ ಸಿಕ್ಕಿದೆ.

ತೊಡಕು ಇರುವುದು ಒಪ್ಪಂದದಲ್ಲಿ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ನನ್ನನ್ನು ಕರೆತರಲು ಆದ ಖರ್ಚನ್ನೆಲ್ಲ ನಾನೇ ಭರಿಸಬೇಕೆಂದು ಅದರಲ್ಲಿ ಬರೆದಿದೆ. ಕೆಲಸ ಬಿಡುವ ಯೋಚನೆ ತಿಳಿಸಿದ ಮರುದಿನವೇ ಎಚ್‌ಆರ್ ಕಳಿಸಿದ ಪಟ್ಟಿ ಹೀಗಿದೆ: ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ 3,000 ಪೌಂಡ್, ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ (ವೀಸಾಕ್ಕಾಗಿ ಸಂಸ್ಥೆ ಕೊಡುವ ಪ್ರಾಯೋಜನಾ ಪತ್ರ) 239, ವೀಸಾ ಶುಲ್ಕ 284, ವಿಮಾನದ ಟಿಕೆಟ್ 560, ಆಸ್ಕಿ ಪರೀಕ್ಷೆ 794, ಅದರ ತರಬೇತಿ 600, ಮೊದಲ ಎರಡು ತಿಂಗಳ ವಸತಿ 900, ಏಜೆನ್ಸಿಗೆ ಕೊಟ್ಟದ್ದು 2,500. ಒಟ್ಟು 8,877 ಪೌಂಡ್. ಇದನ್ನು ಕಟ್ಟದೆ ಹೋದರೆ ನನ್ನ ವೀಸಾ ರದ್ದು ಮಾಡಿಸುವುದಾಗಿಯೂ ಎನ್‌ಎಂಸಿಗೆ ದೂರು ಕೊಡುವುದಾಗಿಯೂ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದಾರೆ. ಇದಲ್ಲದೆ ಊರಿನಲ್ಲಿ ಏಜೆಂಟರು ನನ್ನ ತಂದೆಯವರಿಂದ ಛಾಪಾ ಕಾಗದದ ಮೇಲೆ ಎರಡು ಲಕ್ಷ ರೂಪಾಯಿಯ ಜಾಮೀನು ಬರೆಸಿಕೊಂಡು, ಸಹಿ ಮಾಡಿದ ಒಂದು ಖಾಲಿ ಚೆಕ್ಕನ್ನೂ ಇಟ್ಟುಕೊಂಡಿದ್ದಾರೆ.

ಸಹಿ ಮಾಡಿದ್ದು ನಾನೇ, ಅದನ್ನು ಅಲ್ಲಗಳೆಯುವುದಿಲ್ಲ. ನ್ಯಾಯವಾಗಿ ಕೊಡಬೇಕಾದದ್ದನ್ನು ಕೊಡಲು ಸಿದ್ಧಳಿದ್ದೇನೆ. ಆದರೆ ಇಷ್ಟೂ ಹಣವನ್ನು ಕೊಡಬೇಕೆ, ಮತ್ತು ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಲೀಡ್ಸ್‌ನಲ್ಲಿರುವ ಉಡುಪಿಯವಳು

ತಂಗಿ, ನಾಲ್ಕು ವರ್ಷಗಳ ಹಿಂದೆ ನಾನೂ ಇಂಥದೇ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಅತ್ತವಳು. ಅಂದು ನಾನು ಮಾಡಿದ ತಪ್ಪೆಂದರೆ ಕೊನೆಯಲ್ಲಿದ್ದ ಒಟ್ಟು ಮೊತ್ತವನ್ನೇ ಒಂದು ಸಾಲವೆಂದು ಭಾವಿಸಿದ್ದು. ಅದು ಒಂದು ಸಾಲವಲ್ಲ, ಎಂಟು ಬೇರೆ ಬೇರೆ ಬಾಬತ್ತುಗಳು. ಪ್ರತಿಯೊಂದಕ್ಕೂ ಬೇರೆಯೇ ನಿಯಮವಿದೆ.

ಮೊದಲನೆಯದಾಗಿ, ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಉದ್ಯೋಗದಾತರ ಮೇಲೆಯೇ ಸರ್ಕಾರ ಹಾಕಿರುವ ಹೊರೆ. ಅದನ್ನು ಕೆಲಸಗಾರರಿಂದ ವಸೂಲು ಮಾಡಬಾರದೆಂದು ಹೋಮ್ ಆಫೀಸಿನ (ಗೃಹ ಇಲಾಖೆಯ) ಸ್ಪಾನ್ಸರ್ ನಿಯಮಗಳೇ ಹೇಳುತ್ತವೆ, ಮತ್ತು ಹಾಗೆ ಮಾಡಿದ ಸಂಸ್ಥೆಯ, ವಿದೇಶಿಯರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಪರವಾನಗಿಯಾದ ಸ್ಪಾನ್ಸರ್ ಲೈಸೆನ್ಸಿಗೇ ಸಂಚಕಾರ ಬರಬಹುದು. ನೀವು ಸಹಿ ಮಾಡಿದ್ದೀರಿ ಎಂಬ ಕಾರಣಕ್ಕೆ ಆ ನಿಷೇಧ ಸಡಿಲವಾಗುವುದಿಲ್ಲ. ಇನ್ನೊಂದು ವಿಷಯವನ್ನೂ ನೆನಪಿಡಿ: ಕೆಲಸಗಾರರು ಅವಧಿಗೆ ಮುನ್ನ ಬಿಟ್ಟರೆ ಈ ಚಾರ್ಜಿನ ಒಂದು ಭಾಗ ಸಂಸ್ಥೆಗೆ ಸರ್ಕಾರದಿಂದಲೇ ಮರಳಿ ಬರುತ್ತದೆ. ಅಂದರೆ ಅವರು ನಿಮ್ಮಿಂದ ಕೇಳುತ್ತಿರುವ ಹಣದಲ್ಲಿ ಸ್ವಲ್ಪ ಅವರ ಕೈ ಸೇರಲು ಬೇರೆ ದಾರಿಯೂ ಇದೆ.

ಸರ್ಟಿಫಿಕೇಟಿನ 239 ಪೌಂಡಿನ ಬಗ್ಗೆ ಎಚ್ಚರಿಕೆಯಿಂದ ಮಾತನಾಡಿ. ಆ ಶುಲ್ಕವನ್ನೂ ವಸೂಲು ಮಾಡಬಾರದೆಂಬ ನಿಯಮ ಬಂದಿದೆ; ಆದರೆ ಅದು 2024ರ ಡಿಸೆಂಬರ್ 31ರಂದು ಅಥವಾ ಆಮೇಲೆ ಕೊಟ್ಟ ಸರ್ಟಿಫಿಕೇಟುಗಳಿಗೆ ಅನ್ವಯಿಸುತ್ತದೆ. ನಿಮ್ಮದು ಅದಕ್ಕಿಂತ ಹಿಂದಿನದು. ಗುಂಪುಗಳಲ್ಲಿ ಯಾರೋ ಹೇಳಿದರೆಂದು ಇದನ್ನು ಪತ್ರದಲ್ಲಿ ಬರೆದುಬಿಟ್ಟರೆ ನಿಮ್ಮ ಉಳಿದ ಸರಿಯಾದ ಮಾತುಗಳಿಗೂ ತೂಕ ಕಡಿಮೆಯಾಗುತ್ತದೆ.

ಏಜೆನ್ಸಿಯ 2,500 ಪೌಂಡನ್ನು ಬಲವಾಗಿ ಪ್ರಶ್ನಿಸಿ. ಕೆಲಸ ಹುಡುಕಿಕೊಟ್ಟದ್ದಕ್ಕೆ ಏಜೆನ್ಸಿಗಳು ಅಭ್ಯರ್ಥಿಯಿಂದ ನೇರವಾಗಿಯಾಗಲೀ ಪರೋಕ್ಷವಾಗಿಯಾಗಲೀ ಶುಲ್ಕ ಪಡೆಯಬಾರದೆಂದು ಇಲ್ಲಿಯ 1973ರ ಎಂಪ್ಲಾಯ್‌ಮೆಂಟ್ ಏಜೆನ್ಸೀಸ್ ಕಾಯ್ದೆ ಹೇಳುತ್ತದೆ. ಸಂಸ್ಥೆ ತಾನು ಕೊಟ್ಟ ಕಮಿಷನ್ನನ್ನು ನಿಮ್ಮ ಮೇಲೆ ಹೊರಿಸುವುದು ಅದೇ ಶುಲ್ಕವನ್ನು ಸುತ್ತುದಾರಿಯಲ್ಲಿ ಪಡೆದಂತೆ ಎಂದು ನೀವು ವಾದಿಸಬಹುದು.

ಇನ್ನು ಉಳಿದದ್ದು ಟಿಕೆಟ್, ಪರೀಕ್ಷೆ, ತರಬೇತಿ, ವಸತಿ, ವೀಸಾ ಶುಲ್ಕ. ಇವು ನಿಮಗಾಗಿ ಆದ ಖರ್ಚುಗಳು, ಇವುಗಳಲ್ಲಿ ಅವರಿಗೆ ಸ್ವಲ್ಪ ಹಕ್ಕಿದೆ ಎಂದು ನಾನು ಭಾವಿಸುತ್ತೇನೆ. ಆದರೆ ವಿದೇಶಿ ನರ್ಸುಗಳ ನೇಮಕಾತಿಗಾಗಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ಹೊರಡಿಸಿರುವ ನೀತಿಸಂಹಿತೆಯಲ್ಲಿ ಇಂಥ ಕಲಮುಗಳು ಪಾರದರ್ಶಕವಾಗಿರಬೇಕು, ವೆಚ್ಚಕ್ಕೆ ತಕ್ಕಂತಿರಬೇಕು, ಕೆಲಸ ಮಾಡಿದ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬೇಕು, ವೈಯಕ್ತಿಕ ಕಷ್ಟಗಳಿಗೆ ಅವಕಾಶ ಕೊಡಬೇಕು ಎಂಬ ತತ್ವಗಳಿವೆ. ಮೂವತ್ತಾರು ತಿಂಗಳಲ್ಲಿ ಹತ್ತೊಂಬತ್ತನ್ನು ದುಡಿದು ಮುಗಿಸಿದವರಿಂದ ಮೊದಲ ದಿನ ಓಡಿಹೋದವರಷ್ಟೇ ಹಣ ಕೇಳುವುದು ಆ ತತ್ವಗಳಿಗೆ ಒಪ್ಪುವುದಿಲ್ಲ. ಸ್ಕಿಲ್ಸ್ ಚಾರ್ಜನ್ನೂ ಏಜೆನ್ಸಿಯದ್ದನ್ನೂ ಕಳೆದರೆ ಉಳಿಯುವುದು 3,377 ಪೌಂಡ್. ಅದರಲ್ಲಿ ಬಾಕಿ ಹದಿನೇಳು ತಿಂಗಳ ಪಾಲು ಸುಮಾರು 1,595. ಮಾತುಕತೆಯನ್ನು ಈ ಅಂಕಿಯಿಂದ ಆರಂಭಿಸಿ, 8,877ರಿಂದ ಅಲ್ಲ. ಪ್ರತಿ ಬಾಬತ್ತಿಗೂ ರಸೀದಿ ಕೇಳಿ. ನನ್ನ ವಿಷಯದಲ್ಲಿ ವಸತಿಯ ಬಾಡಿಗೆಯನ್ನು ನನ್ನ ಹೆಸರಿನಲ್ಲೂ ಅದೇ ಕೋಣೆಯಲ್ಲಿದ್ದ ಗೆಳತಿಯ ಹೆಸರಿನಲ್ಲೂ ಪೂರ್ತಿಯಾಗಿ ಬರೆದಿದ್ದರು. ರಸೀದಿ ಕೇಳಿದ ಮೇಲೆಯೇ ಅದು ಬೆಳಕಿಗೆ ಬಂದದ್ದು.

ಉತ್ತರ 2: ಮೈಸೂರಿನವನು, ಮ್ಯಾಂಚೆಸ್ಟರ್ (ಪೇರೋಲ್ ವಿಭಾಗದಲ್ಲಿ ಕೆಲಸ)

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಬೆದರಿಕೆಗಳ ಬಗ್ಗೆ ಮತ್ತು ಕ್ರಮದ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ವೀಸಾ ರದ್ದು ಮಾಡುವ ಅಧಿಕಾರ ಮ್ಯಾನೇಜರಿಗೆ ಇಲ್ಲ, ಅದು ಹೋಮ್ ಆಫೀಸಿನದು. ನೀವು ಕೆಲಸ ಬಿಟ್ಟ ಮೇಲೆ ಹತ್ತು ಕೆಲಸದ ದಿನಗಳೊಳಗೆ ಅದನ್ನು ವರದಿ ಮಾಡುವುದು ಸಂಸ್ಥೆಯ ಕರ್ತವ್ಯ, ಅದಕ್ಕೂ ಹಣದ ಬಾಕಿಗೂ ಸಂಬಂಧವಿಲ್ಲ. ಆ ವರದಿಯ ನಂತರ ಹೋಮ್ ಆಫೀಸು ಪತ್ರ ಕಳಿಸಿ ಹೊಸ ಸ್ಪಾನ್ಸರನ್ನು ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ ಕೊಡುತ್ತದೆ. ತಾವಂತೂ ಆ ಸ್ಥಿತಿಗೆ ಹೋಗಲೇಬಾರದು. ಆಸ್ಪತ್ರೆಯಿಂದ ಹೊಸ ಸರ್ಟಿಫಿಕೇಟ್ ಪಡೆದು, ಇಲ್ಲಿಂದಲೇ ವೀಸಾ ಅರ್ಜಿ ಸಲ್ಲಿಸಿ, ಒಪ್ಪಿಗೆ ಬರುವವರೆಗೆ ಹಳೆಯ ಕೆಲಸದಲ್ಲಿಯೇ ಇರಬಹುದು. ಒಪ್ಪಿಗೆಗೆ ಮೊದಲು ಹೊಸ ಕೆಲಸ ಶುರು ಮಾಡುವಂತಿಲ್ಲ. ದೇಶದೊಳಗಿನ ಅರ್ಜಿಗಳಿಗೆ ಸಾಮಾನ್ಯವಾಗಿ ಎಂಟು ವಾರಗಳವರೆಗೆ ಹಿಡಿಯಬಹುದು, ಆದ್ದರಿಂದ ನೋಟಿಸ್ ಪೀರಿಯಡ್ಡನ್ನು ಈ ಲೆಕ್ಕಕ್ಕೆ ಹೊಂದಿಸಿಕೊಳ್ಳಿ. ಆಸ್ಪತ್ರೆಯ ಆಫರ್ ಪತ್ರದಲ್ಲಿ ‘ಷರತ್ತುಗಳಿಗೆ ಒಳಪಟ್ಟು’ ಎಂದಿದ್ದರೆ ಆ ಷರತ್ತುಗಳು ತೀರುವ ತನಕ ರಾಜೀನಾಮೆ ಕೊಡಬೇಡಿ.

ಎನ್‌ಎಂಸಿ ನೋಡುವುದು ನೀವು ಸುರಕ್ಷಿತವಾಗಿ ಕೆಲಸ ಮಾಡಬಲ್ಲಿರೇ ಎಂಬುದನ್ನು. ಸರಿಯಾಗಿ ನೋಟಿಸ್ ಕೊಟ್ಟು, ರೋಗಿಗಳನ್ನು ನಡುವೆ ಕೈಬಿಡದೆ ಹೊರಬಂದರೆ ಹಣದ ತಕರಾರು ವೃತ್ತಿದೋಷವಾಗುವುದಿಲ್ಲ.

ಹಣದ ತಕರಾರು ಸಿವಿಲ್ ವಿಷಯ, ಅಪರಾಧವಲ್ಲ. ಅವರು ಮೊಕದ್ದಮೆ ಹೂಡಿದರೆ ಕೌಂಟಿ ಕೋರ್ಟಿಗೆ ಹೋಗಬೇಕು. 10,000 ಪೌಂಡಿನವರೆಗಿನ ದಾವೆಗಳು ಸ್ಮಾಲ್ ಕ್ಲೇಮ್ಸ್ ವಿಭಾಗಕ್ಕೆ ಬರುತ್ತವೆ, ಅಲ್ಲಿ ಸೋತವರು ಎದುರಾಳಿಯ ವಕೀಲರ ಫೀಯನ್ನು ಸಾಮಾನ್ಯವಾಗಿ ಕೊಡಬೇಕಾಗುವುದಿಲ್ಲ. ಆದರೆ ಕೋರ್ಟಿನ ಕಾಗದ ಬಂದರೆ ಅದನ್ನು ಡ್ರಾಯರಿನಲ್ಲಿ ಹಾಕಿಡಬೇಡಿ: ಉತ್ತರಕ್ಕೆ 14 ದಿನ ಮಾತ್ರ ಇರುತ್ತದೆ, ಉತ್ತರಿಸದಿದ್ದರೆ ಏಕಪಕ್ಷೀಯ ತೀರ್ಪು ಬಂದು, ಒಂದು ತಿಂಗಳಲ್ಲಿ ಹಣ ಕಟ್ಟದಿದ್ದಲ್ಲಿ ಆರು ವರ್ಷ ನಿಮ್ಮ ಕ್ರೆಡಿಟ್ ದಾಖಲೆಯಲ್ಲಿ ಉಳಿಯುತ್ತದೆ.

ನಿಜವಾದ ಅಪಾಯ ಕೊನೆಯ ತಿಂಗಳ ಸಂಬಳದಲ್ಲಿದೆ. ಒಪ್ಪಂದದಲ್ಲಿ ಸಂಬಳದಿಂದ ಕಡಿತ ಮಾಡಲು ನಿಮ್ಮ ಲಿಖಿತ ಒಪ್ಪಿಗೆ ಇದೆಯೇ ಎಂದು ಈಗಲೇ ನೋಡಿ. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಕಾಯ್ದೆಯ 13ನೇ ಸೆಕ್ಷನ್ನಿನ ಪ್ರಕಾರ ಕಾನೂನಿನ ಆಧಾರವೋ ಇಂಥ ಒಪ್ಪಿಗೆಯೋ ಇಲ್ಲದೆ ಕಡಿತ ಮಾಡುವಂತಿಲ್ಲ. ಮಾಡಿದರೆ, ಮೂರು ತಿಂಗಳಿಗೆ ಒಂದು ದಿನ ಕಡಿಮೆ ಇರುವ ಅವಧಿಯೊಳಗೆ ಉದ್ಯೋಗ ವಿವಾದಗಳಲ್ಲಿ ರಾಜಿ ಮಾಡಿಸುವ ಏಕಾಸ್ ಸಂಸ್ಥೆಯನ್ನು ಸಂಪರ್ಕಿಸಬೇಕು, ಉದ್ಯೋಗ ಟ್ರಿಬ್ಯೂನಲ್ಲಿನ ಬಾಗಿಲು ಆಮೇಲೆ ತೆರೆಯುತ್ತದೆ. ಹಣದ ಕಂತಿನ ಬಗ್ಗೆ ಅವರು ಹೊಸ ಕಾಗದ ಮುಂದಿಟ್ಟರೆ, ಆರ್‌ಸಿಎನ್ ಅಥವಾ ಯೂನಿಸನ್ ಕಾರ್ಮಿಕ ಸಂಘದ ಸದಸ್ಯರಾಗಿದ್ದಲ್ಲಿ ಆ ಸಂಘದವರಿಗೆ ತೋರಿಸದೆ ಸಹಿ ಹಾಕಬೇಡಿ.

ಉತ್ತರ 3: ದಕ್ಷಿಣ ಕನ್ನಡದ ವಕೀಲ

ತಂದೆಯವರ ಜಾಮೀನಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆಗೆಡಿಸುತ್ತಿರುವುದು ಬಹುಶಃ ಅದೇ ಹೆಚ್ಚು.

ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ನಿನಂತೆ, ಬಾಂಡಿನಲ್ಲಿ ಎರಡು ಲಕ್ಷ ಎಂದು ಬರೆದಿರುವ ಮಾತ್ರಕ್ಕೆ ಎರಡು ಲಕ್ಷವೂ ಸಿಗುವುದಿಲ್ಲ. ಅದು ಮೇಲಿನ ಮಿತಿ, ಅದರೊಳಗೆ ನ್ಯಾಯಾಲಯ ಸಮಂಜಸವೆಂದು ಕಂಡ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಆದರೆ ಎಲ್ಲ ಬಾಂಡುಗಳೂ ಅಸಿಂಧು ಎಂದು ನಂಬಿ ಕುಳಿತುಕೊಳ್ಳಬೇಡಿ. 2025ರ ಮೇ ತಿಂಗಳಿನಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುನ್ನ ಬಿಟ್ಟ ಅಧಿಕಾರಿ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅಲ್ಲಿ ಸಾರ್ವಜನಿಕ ವಲಯದ ಬ್ಯಾಂಕು ಹೊಸ ನೇಮಕಾತಿಗೆ ಮತ್ತೆ ಖರ್ಚು ಮಾಡಬೇಕಾಗಿದ್ದುದು ಮುಖ್ಯವಾಯಿತು. ನಿಮ್ಮ ಏಜೆಂಟರಿಗೆ ಸಂಸ್ಥೆಯಿಂದ ಹಣ ಈಗಾಗಲೇ ಸಂದಿದೆ. ನೀವು ಬಿಟ್ಟದ್ದರಿಂದ ಅವರಿಗಾದ ನಷ್ಟವೇನು ಎಂಬುದನ್ನು ಅವರು ಹೇಳಬೇಕಾಗುತ್ತದೆ.

1983ರ ವಲಸೆ ಕಾಯ್ದೆಯ ನಿಯಮಗಳಡಿ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಆ ಏಜೆನ್ಸಿಯ ಹೆಸರು ಕೇಂದ್ರ ಸರ್ಕಾರದ ಇಮೈಗ್ರೇಟ್ ಪೋರ್ಟಲ್ಲಿನಲ್ಲಿ ಇದೆಯೇ ನೋಡಿ. ಇಲ್ಲವಾದರೆ ದೂರು ಕೊಡಬೇಕಾದವರು ನೀವು.

ಚೆಕ್ಕಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಚೆಕ್ಕನ್ನು ಯಾವ ಸಂದರ್ಭದಲ್ಲಿ, ಯಾವ ತಾರೀಕಿನಂದು, ಯಾವ ನಂಬರಿನದನ್ನು ಭದ್ರತೆಗಾಗಿ ಕೊಟ್ಟಿದ್ದೆವು ಎಂಬುದನ್ನು ವಿವರಿಸಿ, ಅದನ್ನು ಮರಳಿ ಕೊಡಬೇಕೆಂದು ತಂದೆಯವರು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಈಗಲೇ ಪತ್ರ ಬರೆಯಲಿ. ಒಂದು ವೇಳೆ ಅವರು ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಅದು ಅಮಾನ್ಯವಾಗಿ ಲೀಗಲ್ ನೋಟಿಸ್ ಬಂದರೆ, 15 ದಿನಗಳ ಅವಧಿಯನ್ನು ಕಳೆದುಕೊಳ್ಳದೆ ವಕೀಲರ ಮೂಲಕ ಉತ್ತರ ಕೊಡಿಸಿ. ವಯಸ್ಸಾದವರು ಇಂಥ ನೋಟಿಸ್ ಬಂದಾಗ ಮಕ್ಕಳಿಗೆ ಚಿಂತೆಯಾದೀತೆಂದು ಮುಚ್ಚಿಡುತ್ತಾರೆ. ನಿಮ್ಮ ತಂದೆಯವರಿಗೆ ಇದನ್ನು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿಡಿ.

ಮೂಲ ಪ್ರಶ್ನೆ ಕೇಳಿದವರಿಂದ, ಡಿಸೆಂಬರ್ 2025

ಮೂವರಿಗೂ ನಾನು ಋಣಿ. ಉಡುಪಿಯ ಅಕ್ಕ ಹೇಳಿದಂತೆ ಬಾಬತ್ತು ಬಾಬತ್ತಾಗಿ ಪತ್ರ ಬರೆದು ರಸೀದಿ ಕೇಳಿದೆ. ಎರಡು ವಾರ ಮೌನವಿತ್ತು. ಆಮೇಲೆ ಬಂದ ಉತ್ತರದಲ್ಲಿ ಸ್ಕಿಲ್ಸ್ ಚಾರ್ಜಿನ 3,000 ಪೌಂಡನ್ನು ಯಾವ ವಿವರಣೆಯೂ ಇಲ್ಲದೆ ತೆಗೆದುಹಾಕಿದ್ದರು, ಉಳಿದದ್ದನ್ನು ತಿಂಗಳ ಲೆಕ್ಕದಲ್ಲಿ ಇಳಿಸಲು ಒಪ್ಪಿದ್ದರು. ಏಜೆನ್ಸಿಯ ಹಣವನ್ನು ಮಾತ್ರ ಬಿಡುತ್ತಿಲ್ಲ. ಹೊಸ ವೀಸಾ ಮೊನ್ನೆ ಬಂತು, ಜನವರಿ ಕೊನೆಗೆ ಇಪ್ಪತ್ತೆರಡು ತಿಂಗಳು ತುಂಬಿಸಿ ಹೊರಡುತ್ತೇನೆ. ಆ ಲೆಕ್ಕದಲ್ಲಿ ನಾನು ಒಪ್ಪಿರುವುದು 1,313 ಪೌಂಡ್, ಅವರು ಕೇಳುತ್ತಿರುವುದು 2,285. ನಡುವಿನ 972 ಪೌಂಡಿಗೆ ಏಜೆನ್ಸಿಯ ಬಿಲ್ಲನ್ನೂ, ಅದನ್ನು ನನ್ನಿಂದ ಪಡೆಯಲು ಇರುವ ಕಾನೂನಿನ ಆಧಾರವನ್ನೂ ಕೇಳಿ ಮತ್ತೆ ಬರೆದಿದ್ದೇನೆ. ಕಡಿತಕ್ಕೆ ಒಪ್ಪಿಗೆ ಕೊಡುವ ಕಲಮು ನನ್ನ ಒಪ್ಪಂದದಲ್ಲಿ ಇಲ್ಲವೆಂಬುದನ್ನೂ ಆರ್‌ಸಿಎನ್‌ನವರು ನೋಡಿ ಖಚಿತಪಡಿಸಿದ್ದಾರೆ.

ಅಪ್ಪ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿದ್ದಾರೆ, ಸ್ವೀಕೃತಿ ಕಾರ್ಡು ಮರಳಿ ಬಂದಿದೆ. ಚೆಕ್ಕು ಇನ್ನೂ ಬಂದಿಲ್ಲ.

ಉತ್ತರ 3ರವರಿಂದ

ಆ ಸ್ವೀಕೃತಿ ಕಾರ್ಡನ್ನು, ಪತ್ರದ ಪ್ರತಿಯನ್ನು, ಚೆಕ್ ಪುಸ್ತಕದ ಅಡಿಹಾಳೆಯನ್ನು ಒಟ್ಟಿಗೆ ಒಂದು ಕಡೆ ಇಡಲು ಹೇಳಿ. ಜನವರಿಯೊಳಗೆ ಚೆಕ್ಕು ಮರಳದಿದ್ದರೆ ತಂದೆಯವರು ಈ ಕಾಗದಗಳೊಂದಿಗೆ ಹತ್ತಿರದ ಒಬ್ಬ ವಕೀಲರನ್ನು ಕಾಣಲಿ. ಏಜೆಂಟರ ಕಚೇರಿಗೆ ಒಬ್ಬರೇ ಹೋಗುವುದು ಬೇಡ.