ನಾಲ್ಕು ವರ್ಷದ ಮಗುವಿಗೆ ಕಾಡುಶಾಲೆ: ಆ ಮೂರು ಗಂಟೆಯಲ್ಲಿ ನಿಜವಾಗಿ ನಡೆಯುವುದೇನು?

ಪ್ರಶ್ನೆ: ಜೆ.ಪಿ. ನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಬರುವ ಜೂನ್‌ಗೆ ನಾಲ್ಕು ತುಂಬುತ್ತದೆ. ಕನಕಪುರ ರಸ್ತೆಯ ಕಡೆ ಒಂದು ಖಾಸಗಿ ತೋಪಿನಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ತಲಾ ಮೂರು ಗಂಟೆ ನಡೆಯುವ ‘ಫಾರೆಸ್ಟ್ ಸ್ಕೂಲ್’ಗೆ ಅವಳನ್ನು ಸೇರಿಸಬಹುದೇ ಎಂದು ಕಳೆದ ಶನಿವಾರ ಹೋಗಿ ನೋಡಿ ಬಂದೆವು. ಅಲ್ಲಿ ಕಟ್ಟಡವೆಂದರೆ ತಗಡು ಹೊದಿಸಿದ ಒಂದು ಜಗಲಿ ಮಾತ್ರ. ಉಳಿದದ್ದೆಲ್ಲ ಹೊಂಗೆ, ಬೇವು, ಒಂದು ದೊಡ್ಡ ಅತ್ತಿಮರ ಮತ್ತು ಮಣ್ಣು. ನಾವಿದ್ದ ಒಂದೂವರೆ ಗಂಟೆಯಲ್ಲಿ ಅಲ್ಲಿನ ಅಕ್ಕಂದಿರು ಯಾವ ಮಗುವಿಗೂ ‘ಇದನ್ನು ಮಾಡು’ ಎಂದದ್ದನ್ನು ನಾನು ಕೇಳಲೇ ಇಲ್ಲ. ಇಬ್ಬರು ಹುಡುಗರು ಬಿದ್ದ ಕೊಂಬೆಯೊಂದನ್ನು ಎಳೆಯಲು ಹೆಣಗುತ್ತಿದ್ದರು, ಒಬ್ಬಳು ಇರುವೆಯ ಸಾಲನ್ನೇ ನೋಡುತ್ತ ಕುಳಿತಿದ್ದಳು, ಅಕ್ಕ ದೂರದಲ್ಲಿ ನಿಂತು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನನಗೆ ಇಷ್ಟವಾಯಿತು, ಆದರೆ ಏಕೆ ಇಷ್ಟವಾಯಿತೆಂದು ಮನೆಯಲ್ಲಿ ವಿವರಿಸಲು ಹೊರಟರೆ ಮಾತು ಹೊರಡಲಿಲ್ಲ. ‘ಮಣ್ಣಾಟ ಆಡಿಸುವುದಕ್ಕೆ ಇಷ್ಟು ಶುಲ್ಕವೇ?’ ಎಂಬುದು ಯಜಮಾನರ ಪ್ರಶ್ನೆ, ‘ಹುಳುಹುಪ್ಪಟೆ ಇರುವ ಕಡೆ ಕೂಸನ್ನು ಬಿಡುವುದೇ?’ ಎಂಬುದು ಅತ್ತೆಯವರದು. ಇಂಥ ಶಾಲೆ ಯಾವ ಕ್ರಮದಲ್ಲಿ ನಡೆಯುತ್ತದೆ, ಮಳೆ, ಹಾವು, ಶೌಚ ಇವನ್ನೆಲ್ಲ ಹೇಗೆ ನಿಭಾಯಿಸುತ್ತಾರೆ, ಮುಂದೆ ಒಂದನೆಯ ತರಗತಿಗೆ ಹೋದಾಗ ಮಗು ಹಿಂದೆ ಬೀಳುವುದಿಲ್ಲವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ತೋಪಿನ ಅಕ್ಕ

ಮೇಡಂ, ನಾನು ಹಲವು ವರ್ಷ ಸಾಮಾನ್ಯ ನರ್ಸರಿಯೊಂದರಲ್ಲಿ ಪಾಠ ಮಾಡಿ, ನಂತರ ಈ ಕೆಲಸಕ್ಕೆ ಬಂದವಳು. ನೀವು ನೋಡಿದ ಸಂಸ್ಥೆಗೆ ಸೇರಿದವಳಲ್ಲ. ನೀವು ಕಂಡ ‘ಏನೂ ಹೇಳದಿರುವಿಕೆ’ಯೇ ಈ ಪದ್ಧತಿಯ ಅತ್ಯಂತ ಕಷ್ಟದ ಕೆಲಸವೆಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನರ್ಸರಿಯಿಂದ ಬಂದ ನನಗೆ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿಯಲು ಒಂದು ಇಡೀ ವರ್ಷ ಹಿಡಿಯಿತು.

ಇದು ಡೆನ್ಮಾರ್ಕ್‌ನಲ್ಲಿ 1950ರ ದಶಕದಲ್ಲಿ ತಾಯಂದಿರು ತಮ್ಮ ಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ ಕಾಡಿಗೆ ಕರೆದೊಯ್ಯುತ್ತಿದ್ದ ರೂಢಿಯಿಂದ ಬೆಳೆದದ್ದು. ಜರ್ಮನಿಯಲ್ಲಿ 1993ರಲ್ಲಿ ಫ್ಲೆನ್ಸ್‌ಬುರ್ಗ್ ಊರಿನ ಕಾಡು ಶಿಶುವಿಹಾರಕ್ಕೆ ಸರ್ಕಾರದ ಮಾನ್ಯತೆ ಸಿಕ್ಕ ಮೇಲೆ ಅಂಥವು ಸಾವಿರವನ್ನೂ ಮೀರಿದವು. ಅದೇ 1993ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಕಾಲೇಜಿನ ಶಿಶುವಿಹಾರದವರು ಡೆನ್ಮಾರ್ಕ್‌ಗೆ ಹೋಗಿ ನೋಡಿ ಬಂದು, ತಮ್ಮಲ್ಲಿ ಅದನ್ನು ‘ಫಾರೆಸ್ಟ್ ಸ್ಕೂಲ್’ ಎಂಬ ಹೆಸರಿನಲ್ಲಿ ಆರಂಭಿಸಿದರು. ಜರ್ಮನಿಯದು ಬೆಳಗಿನ ಹೊತ್ತೆಲ್ಲ ಹೊರಗೇ ಕಳೆಯುವ ಪೂರ್ಣ ಶಿಶುವಿಹಾರ. ಇಂಗ್ಲೆಂಡಿನದು ಬಹುಮಟ್ಟಿಗೆ ಶಾಲೆಯ ಜೊತೆಗೆ ವಾರಕ್ಕೊಂದು ಬಾರಿ ನಡೆಯುವ ಅವಧಿ. ನಿಮ್ಮದು ವಾರಕ್ಕೆ ಮೂರು ದಿನವೆಂದರೆ ಎರಡರ ನಡುವಿನದು ಎನ್ನಬಹುದು.

ಎರಡಕ್ಕೂ ಸಾಮಾನ್ಯವಾದ ಸಂಗತಿಯೆಂದರೆ, ಮಕ್ಕಳು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತಾರೆ. ಒಂದು ದಿನ ಲಾಲ್‌ಬಾಗ್, ಮರುವಾರ ಬನ್ನೇರುಘಟ್ಟ ಎಂದು ಸುತ್ತಿಸಿದರೆ ಅದು ಪಿಕ್‌ನಿಕ್. ಅದೇ ಅತ್ತಿಮರದ ಬುಡಕ್ಕೆ ವರ್ಷವಿಡೀ ಬಂದ ಮಗುವಿಗೆ ಕಳೆದ ವಾರ ತಾನು ಕಟ್ಟಿದ ಅಣೆಕಟ್ಟು ಮಳೆಗೆ ಕೊಚ್ಚಿಹೋದದ್ದು ಕಾಣುತ್ತದೆ, ಫೆಬ್ರವರಿಯಲ್ಲಿ ಕಾಲಡಿ ಗರಗರ ಎನ್ನುತ್ತಿದ್ದ ಹೊಂಗೆಯ ಒಣಗಿದೆಲೆ ಏಪ್ರಿಲ್‌ನ ಹೊತ್ತಿಗೆ ಹೂವಿನ ಹಾಸಾಗಿರುವುದು ಕಾಣುತ್ತದೆ, ಮತ್ತು ಹೋದ ಸಲ ಹತ್ತಲಾಗದ ಕೊಂಬೆಗೆ ಈ ಸಲ ಕೈ ಎಟಕುತ್ತದೆ.

ನಮ್ಮಲ್ಲಿ ಎಂಟೂವರೆಗೆ ಎಲ್ಲರೂ ಗೇಟಿನ ಬಳಿ ಸೇರುತ್ತಾರೆ. ಹಾಜರಿಯ ನಂತರ ನೆಲೆ ಜಾಗಕ್ಕೆ ನಡೆಯುತ್ತೇವೆ. ನೂರು ಹೆಜ್ಜೆಯ ಆ ದಾರಿಗೆ ಕೆಲವೊಮ್ಮೆ ಅರ್ಧ ಗಂಟೆ ಬೇಕಾಗುತ್ತದೆ, ಒಂದು ಸಹಸ್ರಪದಿ ಎದುರಾದರೆ ಸಾಕು. ಅಲ್ಲಿ ವೃತ್ತಾಕಾರವಾಗಿ ಕುಳಿತು ಒಂದು ಹಾಡು, ಆ ದಿನದ ಎಚ್ಚರಿಕೆ, ಬಳಿಕ ಎಲ್ಲೆಯ ನೆನಪು. ಮರಗಳಿಗೆ ಕಟ್ಟಿದ ಕೆಂಪು ಬಟ್ಟೆಯೇ ಎಲ್ಲೆ. ಮಕ್ಕಳು ಅದನ್ನು ದಾಟದಂತೆ ಕೂಗುವ ಬದಲು ಮೊದಲ ಎರಡು ಮೂರು ವಾರ ಅದನ್ನೇ ಆಟ ಮಾಡುತ್ತೇವೆ: ಕಣ್ಣಾಮುಚ್ಚಾಲೆಯ ನಡುವೆ ಅಕ್ಕ ‘ಎಲ್ಲಿದ್ದೀರಿ?’ ಎಂದು ಕರೆದ ಕೂಡಲೇ ಅಡಗಿದವರು ‘ಇಲ್ಲಿದ್ದೇವೆ!’ ಎಂದು ಕೂಗಬೇಕು, ಪೀಪಿ ಊದಿದರೆ ಏನನ್ನು ಬಿಟ್ಟಾದರೂ ಓಡಿ ಬರಬೇಕು. ಇದು ಮೈಗೂಡುವವರೆಗೆ ನಾವು ಮಕ್ಕಳನ್ನು ಬೇರೆ ಬೇರೆ ಕಡೆ ಚದುರಲು ಬಿಡುವುದಿಲ್ಲ.

ಮುಂದಿನ ಒಂದೂವರೆ ಗಂಟೆ ಮಕ್ಕಳದು. ಹಗ್ಗ, ಹಳೆಯ ಪಾತ್ರೆ, ಸೌಟು, ಚಿಕ್ಕ ಗುದ್ದಲಿ, ಭೂತಗನ್ನಡಿ ಇಟ್ಟಿರುತ್ತೇವೆ; ತೆಗೆದುಕೊಳ್ಳಲೇಬೇಕೆಂಬ ನಿಯಮವಿಲ್ಲ. ಕೋಲು ತಮ್ಮ ತೋಳಿಗಿಂತ ಚಿಕ್ಕದಾದರೆ ಮಕ್ಕಳು ಹಿಡಿದುಕೊಂಡು ಓಡಾಡಬಹುದು, ಉದ್ದವಾದರೆ ನೆಲದ ಮೇಲೆ ಎಳೆಯಬೇಕು ಅಥವಾ ಎರಡೂ ತುದಿಗೆ ಒಬ್ಬೊಬ್ಬರು ಕೈ ಹಾಕಬೇಕು. ನೀವು ನೋಡಿದ ಆ ಇಬ್ಬರು ಹುಡುಗರು ಹೆಣಗುತ್ತಿದ್ದದ್ದು ಬಹುಶಃ ಇದಕ್ಕಾಗಿಯೇ. ಮರ ಹತ್ತುವ ಮಗುವನ್ನು ನಾವು ಎತ್ತಿ ಕೊಂಬೆಯ ಮೇಲೆ ಕೂರಿಸುವುದಿಲ್ಲ, ಏಕೆಂದರೆ ತಾನಾಗಿ ಹತ್ತಿದ ಮಗುವಿಗೆ ಇಳಿಯುವ ದಾರಿಯೂ ಸಾಮಾನ್ಯವಾಗಿ ತಿಳಿದಿರುತ್ತದೆ. ಮೊದಲ ಉಪಕರಣ ಆಲೂಗಡ್ಡೆ ಸಿಪ್ಪೆ ತೆಗೆಯುವ ಪೀಲರ್. ಅದರಿಂದ ಹಸಿ ಕಡ್ಡಿಯ ತೊಗಟೆ ತೆಗೆಯುವಾಗ ಒಂದು ಮಗುವಿನ ಪಕ್ಕದಲ್ಲಿ ಒಬ್ಬ ಅಕ್ಕ ಕುಳಿತೇ ಇರುತ್ತಾರೆ.

ಅಕ್ಕ ಬರೆದುಕೊಳ್ಳುತ್ತಿದ್ದದ್ದು ಅಂಕವಲ್ಲ. ಯಾರು ಯಾರೊಡನೆ ಸೇರಿದರು, ಯಾರು ಎಲ್ಲಿ ಸೋತು ಬಿಟ್ಟರು, ಯಾವ ಮಗು ಇಂದು ಮೊದಲ ಬಾರಿ ‘ಬೇಡ’ ಎಂದು ಬಾಯಿಬಿಟ್ಟು ಹೇಳಿತು ಎಂಬುದನ್ನು ಗುರುತಿಸಿಕೊಂಡು, ಅದರ ಮೇಲೆ ಮುಂದಿನ ವಾರ ಏನನ್ನು ಇಡಬೇಕು, ಏನನ್ನು ತೆಗೆಯಬೇಕು ಎಂದು ತೀರ್ಮಾನಿಸುತ್ತೇವೆ. ಇರುವೆ ನೋಡುತ್ತಿದ್ದ ಹುಡುಗಿಗೆ ಮರುದಿನ ಒಂದು ಚಿಟಿಕೆ ಬೆಲ್ಲ ಮತ್ತು ಭೂತಗನ್ನಡಿ ಹತ್ತಿರದಲ್ಲಿ ಸಿಕ್ಕರೆ ಅದು ಆಕಸ್ಮಿಕವಾಗಿರುವುದಿಲ್ಲ.

ಒಂದನೆಯ ತರಗತಿಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಮೂರರಿಂದ ಎಂಟು ವರ್ಷದ ಬುನಾದಿ ಹಂತದಲ್ಲಿ ಆಟದ ಮೂಲಕ ಕಲಿಕೆಯನ್ನೇ ಹೇಳುತ್ತದೆ. ಅಕ್ಷರ ಬೇಕೆಂದರೆ ಮನೆಯಲ್ಲಿ ಕಥೆ ಓದಿ ಹೇಳಿ, ಉಳಿದ ದಿನಗಳಿವೆ.

ಉತ್ತರ 2: ನಿವೃತ್ತ ವನಪಾಲಕ

ಮೇಲಿನ ಅಕ್ಕನವರು ಒಳಗಿನ ಕ್ರಮವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಖಾಸಗಿ ತೋಪಾದರೆ ಮಾಲೀಕರ ಒಪ್ಪಿಗೆ ಸಾಕು. ಆದರೆ ಈಚೆಗೆ ಕೆಲವರು ತುರಹಳ್ಳಿಯಂಥ ಕಡೆ ಮಕ್ಕಳ ಗುಂಪನ್ನು ಕರೆತರುವುದನ್ನು ಕಂಡಿದ್ದೇನೆ. ಅದು ಅರಣ್ಯ ಇಲಾಖೆಯದು. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು. ನಿಯಮಿತವಾಗಿ ಶುಲ್ಕ ಪಡೆದು ನಡೆಸುವವರು ಲಿಖಿತ ಅನುಮತಿ ತೋರಿಸಬೇಕು. ವಿದೇಶದ ಚಿತ್ರಗಳಲ್ಲಿ ಮಕ್ಕಳು ಬೆಂಕಿಯ ಸುತ್ತ ಕುಳಿತಿರುತ್ತಾರೆ. ನಮ್ಮ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಜನವರಿಯಿಂದ ಮೇ ತನಕ ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಹಾವಿನ ಬಗ್ಗೆ ಅತ್ತೆಯವರ ಭಯ ಅಸಹಜವಲ್ಲ. ನಾಗರ, ಕೊಳಕು ಮಂಡಲ ಎರಡೂ ಈ ಭಾಗದಲ್ಲಿವೆ. ಮಕ್ಕಳು ಬರುವ ಮುನ್ನ ಯಾರಾದರೂ ಕೋಲು ಬಡಿಯುತ್ತ ಜಾಗವನ್ನೆಲ್ಲ ಸುತ್ತಿ ಬರುತ್ತಾರೆಯೇ, ಕಲ್ಲು ಮತ್ತು ಸೌದೆಯ ರಾಶಿ ಮಕ್ಕಳಿಂದ ದೂರವಿದೆಯೇ, ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆ ಯಾವುದೆಂದು ಅವರಿಗೆ ಮೊದಲೇ ತಿಳಿದಿದೆಯೇ ಎಂದು ಕೇಳಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಮಾಡಬಾರದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ನನ್ನ ಅನುಭವದಲ್ಲಿ ಹಾವಿಗಿಂತ ಹೆಜ್ಜೇನಿಗೆ ಹೆಚ್ಚು ಹೆದರಬೇಕು. ಹಾವು ಸದ್ದಿಗೆ ಸರಿದುಹೋಗುತ್ತದೆ, ಹೆಜ್ಜೇನು ಅಟ್ಟಿಸಿಕೊಂಡು ಬರುತ್ತದೆ. ಹೋದಾಗ ತಲೆಯೆತ್ತಿ ಎತ್ತರದ ಕೊಂಬೆಗಳನ್ನು ನೋಡಿ. ಹುಟ್ಟು ಕಟ್ಟಿದ್ದರೆ ಆ ಋತು ಮುಗಿಯುವವರೆಗೆ ಮಕ್ಕಳು ಬೇರೆ ಕಡೆ ಕೂರಬೇಕು. ಕಂಬಳಿಹುಳು, ನಸುಗುನ್ನಿ ಬರೀ ತುರಿಕೆ, ಅವಕ್ಕೆ ತುಂಬು ತೋಳಿನ ಅಂಗಿ ಸಾಕು. ಹಗಲು ಕಚ್ಚುವ ಡೆಂಗಿ ಸೊಳ್ಳೆಗೂ ಅದೇ ಅಂಗಿ ಬೇಕು.

ಉತ್ತರ 3: ತೀರ್ಥಹಳ್ಳಿಯ ತಾತ

ಇದನ್ನೆಲ್ಲ ಓದಿ ಒಂದಿಷ್ಟು ನಗುವೂ ಬಂತು, ಕ್ಷಮಿಸಿ. ನಾವು ಬೆಟ್ಟ ಬ್ಯಾಣಗಳಲ್ಲಿ ದನ ಹೊಡೆದುಕೊಂಡು ಬೆಳೆದವರು; ನಮಗೆ ಕೆಂಪು ಬಟ್ಟೆಯ ಎಲ್ಲೆಯೂ ಇರಲಿಲ್ಲ, ಪುಸ್ತಕ ಹಿಡಿದ ಅಕ್ಕನೂ ಇರಲಿಲ್ಲ. ಮೊಮ್ಮಗನನ್ನು ರಜೆಯಲ್ಲಿ ಊರಿಗೆ ಕಳುಹಿಸಿದರೆ ಆಗುವ ಕೆಲಸಕ್ಕೆ ಬೆಂಗಳೂರಿನಲ್ಲಿ ರಸೀದಿ ಹರಿಸಬೇಕೇ? ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದವರು. ಮಕ್ಕಳನ್ನು ಗೋಡೆಯಿಂದ ಹೊರಗೆ ತರಲು ನಮಗೆ ಡೆನ್ಮಾರ್ಕ್ ಬೇಕಿರಲಿಲ್ಲ.

ಉತ್ತರ 4: ತೋಪಿನ ಅಕ್ಕ

ತಾತ, ನಗುವುದಕ್ಕೆ ನಿಮಗೆ ಹಕ್ಕಿದೆ. ಆದರೆ ನೀವು ದನ ಹೊಡೆದುಕೊಂಡು ಹೋದಾಗ ಜೊತೆಗೆ ದೊಡ್ಡ ಹುಡುಗರಿದ್ದರಲ್ಲವೇ? ಗುಲಗಂಜಿಯನ್ನು ಚೆನ್ನೆಮಣೆಗೆ ಆರಿಸಬಹುದು, ಅಗಿಯಬಾರದು ಎಂದು ನಿಮಗೆ ಅವರೇ ಹೇಳಿಕೊಟ್ಟಿರಬೇಕು. ಹದಿಮೂರನೆಯ ಮಹಡಿಯ ಫ್ಲಾಟಿನಲ್ಲಿ ಬೆಳೆಯುವ ಒಂಟಿ ಮಗುವಿಗೆ ಆ ದೊಡ್ಡ ಹುಡುಗರಿಲ್ಲ; ಅವರ ಜಾಗದಲ್ಲಿ ನಿಲ್ಲುವುದಕ್ಕೆ ನಾವು ಸಂಬಳ ಪಡೆಯುತ್ತೇವೆ. ಗುಲಗಂಜಿ, ಹರಳು, ಉಮ್ಮತ್ತಿ, ಕಣಗಿಲೆ ಇವು ನಮ್ಮ ಮಕ್ಕಳು ಮೊದಲ ತಿಂಗಳಲ್ಲೇ ಗುರುತಿಸಲು ಕಲಿಯುವ ವಿಷದ ಗಿಡಗಳು, ಮತ್ತು ಅಕ್ಕನಿಗೆ ತೋರಿಸದೆ ಯಾವುದನ್ನೂ ಬಾಯಿಗಿಡಬಾರದು, ಅದು ನೇರಳೆ ಹಣ್ಣೇ ಆಗಿದ್ದರೂ. ನೀವು ಊರಿಗೆ ಕರೆದೊಯ್ಯುವುದಾದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ.

ಉತ್ತರ 5: ಒಮ್ಮೆ ಕಳುಹಿಸಿ ಬಿಡಿಸಿದವರು

ನನ್ನ ಮಗನನ್ನು ಇಂಥದೇ ಹೆಸರಿನ ಒಂದು ಕಡೆ ಐದು ತಿಂಗಳು ಕಳುಹಿಸಿ ಬಿಡಿಸಿದೆ. ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ಹದಿನೆಂಟು ಮಕ್ಕಳಿಗೆ ಇಬ್ಬರು ದೊಡ್ಡವರಿದ್ದರು. ಒಬ್ಬರು ಒಂದು ಮಗುವನ್ನು ಶೌಚಕ್ಕೆ ಕರೆದೊಯ್ದರೆ ಹದಿನೇಳು ಮಕ್ಕಳು ಒಬ್ಬರ ಕಣ್ಣಳತೆಯಲ್ಲಿ. ಒಂದು ದಿನ ಮಗ ಬೇಲಿಯಾಚೆ ಹೋಗಿ ಹತ್ತು ನಿಮಿಷ ಯಾರಿಗೂ ಗೊತ್ತಾಗಿರಲಿಲ್ಲ, ಅದನ್ನು ನನಗೆ ಹೇಳಿದ್ದೂ ಅವನೇ. ಕೇಳಿದಾಗ ‘ಅಪಾಯವನ್ನು ಎದುರಿಸುವುದೂ ಕಲಿಕೆಯೇ’ ಎಂದರು. ಈ ಪದ್ಧತಿಯಲ್ಲಿ ಒಂದೊಂದು ಚಟುವಟಿಕೆಗೂ ಅದರಿಂದ ಮಗುವಿಗೆ ಆಗುವ ಪ್ರಯೋಜನವೇನು, ಆಗಬಹುದಾದ ಪೆಟ್ಟೇನು ಎಂದು ತೂಗಿ ಮೊದಲೇ ಬರೆದಿಡುವ ಕ್ರಮವಿದೆಯೆಂದು ನನಗೆ ಆಮೇಲೆ ತಿಳಿಯಿತು. ಆ ಕಾಗದವನ್ನು ಕೇಳಿ ನೋಡಿ. ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ. ನನ್ನ ಮಟ್ಟಿಗೆ, ಈ ವಯಸ್ಸಿಗೆ ಐದಾರು ಮಕ್ಕಳಿಗೆ ಒಬ್ಬರಿಲ್ಲದಿದ್ದರೆ ಸೇರಿಸಬಾರದು.

ಮಳೆಯ ಬಗ್ಗೆ ನೀವು ಅಷ್ಟು ಚಿಂತಿಸಬೇಕಿಲ್ಲ. ಬೆಂಗಳೂರಿನ ಜೋರು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಗೆ. ಬೆಳಗಿನ ಜಿನುಗಿಗೆ ರೇನ್‌ಕೋಟ್ ಮತ್ತು ಗಮ್‌ಬೂಟು ಸಾಕು, ಎರಡು ಜೊತೆ ಬದಲಿ ಬಟ್ಟೆ ಚೀಲದಲ್ಲಿರಲಿ. ಗುಡುಗು ಮತ್ತು ಜೋರು ಗಾಳಿ ಬಂದರೆ ಮಾತ್ರ ಮರದಡಿ ಬಿಟ್ಟು ಕಟ್ಟಡಕ್ಕೆ ಹೋಗಲೇಬೇಕು. ಆ ತಗಡಿನ ಜಗಲಿಗೆ ಮೂರು ಕಡೆ ಗೋಡೆ ಇದೆಯೇ?

ಮರುಬರಹ: ಜೆ.ಪಿ. ನಗರದ ತಾಯಿ

ಎಲ್ಲರಿಗೂ ಧನ್ಯವಾದಗಳು. ಜಗಲಿಗೆ ಒಂದೇ ಕಡೆ ಗೋಡೆ ಇದೆ. ಮಾಲೀಕರ ಮನೆ ಇನ್ನೂರು ಅಡಿ ದೂರದಲ್ಲಿದೆ, ಗುಡುಗಿದರೆ ಅಲ್ಲಿಗೆ ಹೋಗುತ್ತಾರೆಯೇ ಎಂದು ಫೋನ್ ಮಾಡಿ ಕೇಳಿದೆ, ಹೌದೆಂದರು. ಹನ್ನೆರಡು ಮಕ್ಕಳು, ಮೂವರು ದೊಡ್ಡವರು. ಜೇನುಹುಟ್ಟಿನ ವಿಷಯ ಕೇಳಿದಾಗ ಮಾತ್ರ ಒಂದು ಕ್ಷಣ ಸುಮ್ಮನಾಗಿ, ‘ಅತ್ತಿಮರದ ತುದಿಯಲ್ಲಿ ಹೋದ ವರ್ಷ ಇತ್ತು, ಈ ವರ್ಷ ನೋಡಿ ಹೇಳುತ್ತೇವೆ’ ಎಂದರು. ಅತ್ತೆಯವರು ತಾವೂ ಬಂದು ಒಂದು ಬೆಳಿಗ್ಗೆ ಪೂರ್ತಿ ಕುಳಿತು ನೋಡುವುದಾಗಿ ಹೇಳಿದ್ದಾರೆ. ಶೌಚದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಉತ್ತರ 6: ತೋಪಿನ ಅಕ್ಕ

ಮರೆತೆ, ಕ್ಷಮಿಸಿ. ನಮ್ಮಲ್ಲಿ ತಟ್ಟಿ ಕಟ್ಟಿದ ಮರೆಯ ಹಿಂದೆ ಮಕ್ಕಳ ಅಳತೆಯ ಕಮೋಡ್, ಕೆಳಗೆ ಬಕೆಟ್, ಪಕ್ಕದಲ್ಲಿ ಮರದ ಹೊಟ್ಟು. ಹೋದ ಮೇಲೆ ಎರಡು ಹಿಡಿ ಹೊಟ್ಟು ಹಾಕಬೇಕು. ಕೈ ತೊಳೆಯಲು ನಲ್ಲಿಯಿರುವ ಡ್ರಮ್ ಮತ್ತು ಸೋಪು ಇವೆ. ತೊಳೆಸುವ ಅಕ್ಕ ಯಾರೆಂದು ಮೊದಲ ದಿನವೇ ಮಗುವಿಗೂ ತಾಯಿಗೂ ಪರಿಚಯ ಮಾಡಿಸಿರುತ್ತೇವೆ, ಬೇರೆಯವರು ಆ ಕೆಲಸ ಮಾಡುವುದಿಲ್ಲ. ಮೊದಲ ವಾರ ಹಲವು ಮಕ್ಕಳು ಮನೆಗೆ ಹೋಗುವವರೆಗೆ ತಡೆದುಕೊಳ್ಳುತ್ತಾರೆ. ಆದ್ದರಿಂದ ಹೊರಡುವ ಮುನ್ನ ಮನೆಯಲ್ಲೇ ಒಮ್ಮೆ ಕಳುಹಿಸಿ.