ಹಳೇ ಹೆರಾಲ್ಡ್ ಕಾರು ತಗೊಳ್ಳಲಾ, ವ್ಯಾಗನ್‌ಆರ್ ಸಾಕಾ? ಇಟ್ಟುಕೊಂಡವರು ಅನುಭವ ಹೇಳಿ

ವಿಜಯನಗರ ಬೆಂಗಳೂರು (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಸೇರಿ ಮನೆಯಲ್ಲಿ ಐದು ಜನ. ಈಗ 2014ರ ವ್ಯಾಗನ್‌ಆರ್ ಇದೆ. ಅದನ್ನು ಕೊಟ್ಟು ಸ್ವಲ್ಪ ದೊಡ್ಡ ಗಾಡಿ ತಗೊಳ್ಳೋಣ ಅಂತ ಏಳು ಲಕ್ಷ ಕೂಡಿಟ್ಟಿದ್ದೇನೆ. ಅಷ್ಟರಲ್ಲಿ ಕೊಯಮತ್ತೂರಿನಲ್ಲಿ 1964ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾರಾಟಕ್ಕಿದೆ ಅಂತ ಗೊತ್ತಾಯಿತು. ಟಾಪ್ ತೆಗೆದು ಓಪನ್ ಮಾಡಿಸಿದ್ದಾರೆ. ಚಿಕ್ಕಂದಿನಿಂದ ನನಗೆ ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಹುಚ್ಚು. ಅದು ನಮ್ಮ ಕೈಗೆ ಸಿಗುವ ಮಾತಲ್ಲ. ಅದೇ ಟ್ರಯಂಫ್‌ನ ಹೆರಾಲ್ಡ್‌ನಿಂದಲೇ ಅಲ್ವಾ ಸ್ಪಿಟ್‌ಫೈರ್ ಹುಟ್ಟಿದ್ದು, ಇದಾದರೂ ಇರಲಿ ಅಂತ ಆಸೆ. ಐದೂವರೆ ಲಕ್ಷ ಹೇಳುತ್ತಿದ್ದಾರೆ. ಪಾರ್ಕಿಂಗ್ ಇರುವುದು ಒಂದೇ ಗಾಡಿಗೆ. ದಿನಾ ಆಫೀಸಿಗೆ ಇದರಲ್ಲೇ ಓಡಾಡಬಹುದಾ?

ಮೈಸೂರು ಮಾರ್ಕ್ 3:
ನನ್ನದು ಹೆರಾಲ್ಡ್ ಮಾರ್ಕ್ 3, ನಾಲ್ಕು ಬಾಗಿಲಿನದು. ಗಾಡಿಗೆ ಕೊಟ್ಟಿದ್ದು 1,80,000. ಬಾಗಿಲು ತೆಗೆದರೆ ಕೆಳಗೆ ಜೋತು ಬೀಳುತ್ತಿತ್ತು. ಔಟ್‌ರಿಗರ್ (ಚಾಸಿಸ್‌ನಿಂದ ಪಕ್ಕಕ್ಕೆ ಚಾಚಿ ಬಾಡಿ ಹೊರುವ ತೋಳು) ತುಕ್ಕು ಹಿಡಿದು ಹೋಗಿದೆ ಅಂತ ಗೊತ್ತಿದ್ದೇ ತಗೊಂಡೆ. ಗಾಡಿ ಎತ್ತಿ ಸ್ಕ್ರೂಡ್ರೈವರ್ ಇಟ್ಟರೆ ಸೀದಾ ಒಳಗೆ ಹೋಯಿತು. ಔಟ್‌ರಿಗರ್, ಫ್ಲೋರ್ ಟಿಂಕರಿಂಗ್ 85,000. ಬಾಡಿ, ಪೇಂಟ್ 1,40,000. ರೀಬೋರ್, ಪಿಸ್ಟನ್, ಬೇರಿಂಗ್ ಸೇರಿ ಎಂಜಿನ್ 72,000. ಕ್ರೋಮ್ 38,000. ಸೀಟು 26,000. ವೈರಿಂಗ್ 18,500. ಗಾಡಿ ಬೆಲೆಯೂ ಸೇರಿ 5,59,500. ಬಿಲ್ಲು ಎಲ್ಲಾ ಫೈಲಿನಲ್ಲಿವೆ.

ಅಷ್ಟಾದರೂ ಒಂದು ರೂಪಾಯಿಗೂ ಬೇಜಾರಿಲ್ಲ. ಆ ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿದರೆ ಎಂಜಿನ್, ಸಸ್ಪೆನ್ಷನ್ ಎಲ್ಲಾ ಕಣ್ಣೆದುರಿಗೆ ಬರುತ್ತದೆ. ಮುಂದಿನ ಟೈರ್ ಮೇಲೆ ಕೂತು ಟ್ಯಾಪೆಟ್ ಸೆಟ್ ಮಾಡುತ್ತೇನೆ. ತಿರುಗಿಸೋಕೆ 25 ಅಡಿ ಜಾಗ ಸಾಕು. ದೇವರಾಜ ಅರಸು ರಸ್ತೆಯಲ್ಲಿ ಯಾವ ಹೊಸ ಗಾಡಿ ಹಾಗೆ ತಿರುಗುತ್ತದೆ ಹೇಳಿ.

ಒಂದು ಮಾತು ನೆನಪಿಡಿ. ಮುಂದಿನ ಚಕ್ರ ತಿರುಗುವ ಜಾಯಿಂಟಿಗೆ, ಅಂದರೆ ಟ್ರನಿಯನ್‌ಗೆ, ಇಪಿ 90 ಗೇರ್ ಆಯಿಲ್ ಮಾತ್ರ. ಗ್ರೀಸ್ ಹೊಡೆಯೋಕೆ ಯಾರಿಗೂ ಬಿಡಬೇಡಿ.

ಕರಾವಳಿ ಡ್ರೈವರ್:
ನನ್ನ ಹತ್ತಿರ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಇತ್ತು. ಎರಡೇ ಸೀಟು, ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಮಂಗಳೂರಿನ ಉಪ್ಪು ಗಾಳಿಗೆ ಫೈಬರ್ ತುಕ್ಕು ಹಿಡಿಯುವುದಿಲ್ಲ ಅಂತ ಲೆಕ್ಕ ಹಾಕಿಯೇ ತಗೊಂಡಿದ್ದೆ. ಹೈವೇನಲ್ಲಿ ಲಾರಿ ಟೈರಿನಿಂದ ಕಲ್ಲು ಹಾರಿ ಮುಂದಿನ ಗ್ಲಾಸ್ ಬಿರುಕು ಬಿಟ್ಟಿತು. ಆ ಗಾಡಿ ತಯಾರಿಕೆ ನಿಂತು ವರ್ಷಗಳಾಗಿದ್ದವು. ಅಳತೆ ತೆಗೆದು ಗ್ಲಾಸ್ ಮಾಡಿಸಿದೆ, 34,000. ಅದು ಕೂರಿಸುವಾಗಲೇ ಚಟ್ ಅಂತು. ಮತ್ತೆ 34,000, ಕೂಲಿ ಬೇರೆ. ಅಷ್ಟರಲ್ಲಿ ಮಳೆಗಾಲ ಪೂರ್ತಿ ಗಾಡಿ ಟಾರ್ಪಲ್ ಕೆಳಗೆ. ನಾನು ದಿನಾ ಆಟೋದಲ್ಲಿ ಡ್ಯೂಟಿಗೆ ಹೋದೆ. ಆಟೋ ಖರ್ಚನ್ನು ಇಲ್ಲಿ ಯಾರೂ ಬರೆಯುವುದೇ ಇಲ್ಲ.

ಈಗ ವ್ಯಾಗನ್‌ಆರ್ ಓಡಿಸುತ್ತೇನೆ. ಗ್ಲಾಸ್ ಒಡೆದರೆ ಸಂಜೆಯೊಳಗೆ ಹೊಸದು ಕೂರುತ್ತದೆ. ಅದನ್ನು ಡಬ್ಬಾ ಅನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಮೈಸೂರು ಮಾರ್ಕ್ 3:
ಮೇಡಂ, ನಾನೆಲ್ಲಿ ಡಬ್ಬಾ ಅಂದೆ? ನನ್ನ ಮನೆಯಲ್ಲೂ ಆಲ್ಟೊ ಇದೆ.

ಕರಾವಳಿ ಡ್ರೈವರ್:
ಅದನ್ನು ಮೊದಲೇ ಹೇಳಬೇಕಿತ್ತಲ್ವಾ? ನಿಮ್ಮ ಹೆರಾಲ್ಡ್ ಕೆಟ್ಟು ನಿಂತ ದಿನ ಆಲ್ಟೊ ಎತ್ತಿಕೊಂಡು ಹೋಗುತ್ತೀರಿ. ಪ್ರಶ್ನೆ ಕೇಳಿದವರಿಗೆ ಪಾರ್ಕಿಂಗ್ ಒಂದೇ ಗಾಡಿಗೆ.

ದಾವಣಗೆರೆ ಗ್ಯಾರೇಜ್:
ಅಪ್ಪನ ಕಾಲದಿಂದ ನಮ್ಮದು ಗ್ಯಾರೇಜ್. ಈಗ ಹಳೇ ಗಾಡಿಗಳಿಗೆ ದೊಡ್ಡ ತಲೆನೋವು ಇ20 ಪೆಟ್ರೋಲ್. ಅದರಲ್ಲಿ ಎಥೆನಾಲ್ 20% ವರೆಗೆ ಇರುತ್ತದೆ. ಆ ಕಾಲದ ರಬ್ಬರ್ ಇದಕ್ಕೆ ಮಾಡಿದ್ದಲ್ಲ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ (ಒಳಗಿನ ರಬ್ಬರ್ ಪರದೆ) ಮೆತ್ತಗಾಗುತ್ತದೆ, ಹೋಸ್ ಉಬ್ಬಿ ಬಿರಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಜೊತೆಗೆ ಎಥೆನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕ್ ಒಳಗೇ ತುಕ್ಕು. ಒಂದು ಫಿಯಟ್ 1100ಕ್ಕೆ ಟ್ಯಾಂಕ್ ಬಿಚ್ಚಿ ತೊಳೆದು, ಎಲ್ಲಾ ಹೋಸ್ ಬದಲಾಯಿಸಿ, ಕಾರ್ಬ್ಯುರೇಟರ್ ಕಿಟ್ ಹಾಕಿದ್ದಕ್ಕೆ 19,000 ಆಯಿತು. ಗಾಡಿಯವರು ನನ್ನ ಜೊತೆಗೇ ಜಗಳಕ್ಕೆ ಬಂದರು.

ಮೈಸೂರಿನವರು ಟ್ರನಿಯನ್ ಬಗ್ಗೆ ಸುಮ್ನೆ ಹೆದರಿಸುತ್ತಿದ್ದಾರೆ. ನಮ್ಮಪ್ಪ ಕೊನೆಯವರೆಗೂ ಗ್ರೀಸೇ ಹೊಡೆದಿದ್ದು. ಒಂದೂ ಮುರಿದಿಲ್ಲ.

ಮೈಸೂರು ಮಾರ್ಕ್ 3:
ಮುರಿದ ಗಾಡಿ ವಾಪಸ್ ನಿಮ್ಮ ಹತ್ತಿರ ಬಂದಿರಲಿಕ್ಕಿಲ್ಲ. ಅಲ್ಲಿ ಕಂಚಿನ ಟ್ರನಿಯನ್ ಒಳಗೆ ಸ್ಟೀಲ್ ಥ್ರೆಡ್ ತಿರುಗುತ್ತದೆ. ಗ್ರೀಸ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಕೆಳಗೆ ನೀರು ನಿಲ್ಲುತ್ತದೆ, ಸ್ಟೀಲ್ ತುಕ್ಕು ಹಿಡಿದು ಸವೆಯುತ್ತದೆ. ಒಂದು ದಿನ ಗೇಟಿನ ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಚಕ್ರ ಮಡಚಿಕೊಂಡು ಬೀಳುತ್ತದೆ. ಘಾಟಿಯಲ್ಲಿ ಬಿದ್ದರೆ? ಕಂಪನಿ ಹೇಳಿದ್ದೇ ಆಯಿಲ್ ಹಾಕಿ ಅಂತ.

ಕವೆಂಟ್ರಿ ಕನ್ನಡಿಗ:
ಮೈಸೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಮೂಲ ಟ್ರಯಂಫ್ ಹೆರಾಲ್ಡ್ ತಯಾರಾಗಿದ್ದು ನಾನಿರುವ ಇಂಗ್ಲೆಂಡಿನ ಕವೆಂಟ್ರಿಯಲ್ಲೇ. ಇಲ್ಲಿನ ಹಳೆಯ ಟ್ರಯಂಫ್ ಓನರ್‌ಗಳೂ ಆಯಿಲ್ ಅಂತಲೇ ಬಡಿದುಕೊಳ್ಳುತ್ತಾರೆ.

ನನ್ನದು 1972ರ ಎಂಜಿಬಿ ಅನ್ನುವ ಇಲ್ಲಿನ ಸ್ಪೋರ್ಟ್ಸ್ ಕಾರು, ಕ್ರೋಮ್ ಬಂಪರ್. 1798 ಸಿಸಿ ಎಂಜಿನ್, ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನ ಅಣ್ಣ. ಬಾನೆಟ್ ತೆಗೆದು ಎಸ್‌ಯು ಕಾರ್ಬ್ಯುರೇಟರ್ ನೋಡಿದಾಗ ಹಾಸನದ ನಮ್ಮ ಮಾವನ ಟ್ಯಾಕ್ಸಿ ನೆನಪಾಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಅದರಿಂದ ಎರಡೂ ಕಡೆ ಸಿಲ್ (ಬಾಗಿಲ ಕೆಳಗಿನ ಉದ್ದನೆಯ ತಗಡಿನ ಭಾಗ) ತುಕ್ಕು ಹಿಡಿದು ಹೋಗಿ 3,200 ಪೌಂಡ್ ಬಿತ್ತು. ಆದರೆ 40 ವರ್ಷ ದಾಟಿದ ಗಾಡಿಗೆ ರೋಡ್ ಟ್ಯಾಕ್ಸ್ ಇಲ್ಲ, ವರ್ಷದ ಟೆಸ್ಟೂ ಕಡ್ಡಾಯವಲ್ಲ. ಇಡೀ ಬಾಡಿ ಶೆಲ್ಲನ್ನೇ ಹೊಸದಾಗಿ ಮಾಡಿ ಮಾರುತ್ತಾರೆ. ಧೈರ್ಯವಾಗಿ ತಗೊಳ್ಳಿ ಅಣ್ಣ.

ದಾವಣಗೆರೆ ಗ್ಯಾರೇಜ್:
ಪೋಸ್ಟಿನಲ್ಲಿ ಪಾರ್ಟ್ ಬರುವ ಊರಲ್ಲಿ ಕೂತು ಧೈರ್ಯ ಹೇಳೋದು ಸುಲಭ ಸ್ವಾಮಿ. ಇಲ್ಲಿ ಅದೇ ಪಾರ್ಟಿಗೆ ಕಸ್ಟಮ್ಸ್ ಕಟ್ಟಬೇಕು. ಇಲ್ಲಾಂದ್ರೆ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆ, ಶಿವಾಜಿನಗರ ಗುಜರಿ ಅಂತ ಅಲೆಯಬೇಕು. ಅಲ್ಲೂ ಸಿಗದಿದ್ದರೆ ಲೇತ್ ಅಂಗಡಿ. ಲೇತ್‌ನವರು ಕಿಂಗ್ ಪಿನ್ ಬುಷ್ ಕಡೆದು ಕೊಡುತ್ತಾರೆ, ಸಿಲ್ ಕಡೆದು ಕೊಡುತ್ತಾರಾ?

ಹುಬ್ಬಳ್ಳಿ ಕಾಂಟೆಸ್ಸಾ:
ನಾನು ಇಸುಜು ಎಂಜಿನ್ನಿನ ನನ್ನ ಹಳೇ ಕಾಂಟೆಸ್ಸಾ ಕಾರು ಮಾರಿದೆ. ಮಕ್ಕಳಿಗೆ ಏಸಿ ಬೇಕು, ಮೈಲೇಜ್ ಬೇಕು ಅಂತ ಮನೆಯವರೆಲ್ಲ ಸೇರಿ ಮಾರಿಸಿದರು. ಬಂದ 90,000 ಹೊಸ ಗಾಡಿಯ ಡೌನ್ ಪೇಮೆಂಟಿಗೆ ಹೋಯಿತು. ಈಗ ಅದೇ ಮಾಡೆಲ್‌ಗೆ ಜನ ಏನು ರೇಟು ಹೇಳುತ್ತಾರೆ ನೋಡಿ, ಹೊಟ್ಟೆ ಉರಿಯುತ್ತದೆ. ಹೊಸ ಗಾಡಿ ಒಂದು ದಿನವೂ ಕೈ ಕೊಟ್ಟಿಲ್ಲ, ಸುಳ್ಳು ಹೇಳಬಾರದು. ಆದರೆ ನಿಲ್ಲಿಸಿ ನಡೆದು ಹೋಗುವಾಗ ಒಂದು ಸಲವೂ ತಿರುಗಿ ನೋಡಿಲ್ಲ. ಕಾಂಟೆಸ್ಸಾವನ್ನು ದಿನಾ ತಿರುಗಿ ನೋಡುತ್ತಿದ್ದೆ. ಹೆರಾಲ್ಡ್ ತಗೊಳ್ಳಿ, ತಗೊಂಡ ಮೇಲೆ ನನ್ನ ಹಾಗೆ ಮಾರಬೇಡಿ.

ಕವೆಂಟ್ರಿ ಕನ್ನಡಿಗ:
ಇಲ್ಲಿ ಕೇಳುತ್ತಿರುವುದು ಸ್ಪೋರ್ಟ್ಸ್ ಕಾರ್ ಬಗ್ಗೆ. ಕಾಂಟೆಸ್ಸಾ ಸ್ಪೋರ್ಟ್ಸ್ ಕಾರಲ್ಲ, ಮೂಲದಲ್ಲಿ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಫ್ಯಾಮಿಲಿ ಗಾಡಿ.

ಹುಬ್ಬಳ್ಳಿ ಕಾಂಟೆಸ್ಸಾ:
ನಾಲ್ಕು ಜನ ಕೂರುವ ಹೆರಾಲ್ಡ್ ಸ್ಪೋರ್ಟ್ಸ್ ಕಾರಾ ಹಾಗಾದ್ರೆ? ನೋವು ಹೇಳಿಕೊಂಡರೆ ಲೆಕ್ಚರ್ ಕೊಡಬೇಡಿ.

ಹನುಮಂತನಗರ:
ಎಲ್ಲರೂ ನಟ್ಟು ಬೋಲ್ಟಿನಲ್ಲೇ ಇದ್ದೀರಿ. ಕಾಗದ ಯಾರು ನೋಡುತ್ತಾರೆ? 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಸಿಗುತ್ತದೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಫೀಸು 20,000, ಹತ್ತು ವರ್ಷಕ್ಕೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಟಾಪ್ ತೆಗೆದ ಗಾಡಿಗೆ ಅಲ್ಲೇ ತಕರಾರು. ಸಿಕ್ಕರೂ ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ. ದಿನಬಳಕೆಗೆ ಬೇಕು ಅಂದರೆ ಮಾಮೂಲಿ ಆರ್‌ಸಿ ರಿನ್ಯೂ ಆಗಿರಬೇಕು, ತಮಿಳುನಾಡಿನ ಎನ್‌ಒಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. ಚಾಸಿಸ್ ನಂಬರ್ ಒಂದು ಅಕ್ಷರ ತಪ್ಪಿದ್ದಕ್ಕೆ ನನ್ನ ಫೈಲು ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಓಡಾಡಿತು. ಹಣ ಕೊಡುವ ಮೊದಲು ಆರ್‌ಸಿ ಕೈಯಲ್ಲಿ ಹಿಡಿದು ಗಾಡಿಯ ಚಾಸಿಸ್ ನಂಬರ್ ಪ್ಲೇಟಿಗೆ ತಾಳೆ ನೋಡಿ.

ವಿಜಯನಗರ ಬೆಂಗಳೂರು:
ತುಂಬಾ ಥ್ಯಾಂಕ್ಸ್. ದಿನಾ ಓಡಿಸುವ ಹಾಗಿಲ್ಲ ಅಂತ ಗೊತ್ತಿರಲಿಲ್ಲ. ನಮ್ಮ ಅತ್ತೆ ಮನೆ ತುಮಕೂರಿನಲ್ಲಿ ಶೆಡ್ ಇದೆ. ಅಲ್ಲಿಟ್ಟರೆ ವ್ಯಾಗನ್‌ಆರ್ ಇಲ್ಲೇ ಇರಬಹುದು. ಟಾಪ್ ತೆಗೆದಿದ್ದರಿಂದ ಗಾಡಿಗೆ ತೊಂದರೆ ಇದೆಯಾ?

ಮೈಸೂರು ಮಾರ್ಕ್ 3:
ಹೆರಾಲ್ಡ್ ಟಾಪ್ ಬೋಲ್ಟ್ ಹಾಕಿ ಕೂರಿಸಿದ್ದು. ಬಿಚ್ಚಿಟ್ಟಿದ್ದರೆ ವಾಪಸ್ ಹಾಕಬಹುದು, ಕೊಯ್ದಿದ್ದರೆ ಇಲ್ಲ. ಟಾಪ್ ಎಲ್ಲಿದೆ ಅಂತ ಮೊದಲು ಕೇಳಿ. ಆಮೇಲೆ ಬಾಗಿಲಿನ ಸಂದು ಮೇಲೂ ಕೆಳಗೂ ಒಂದೇ ಇದೆಯಾ ನೋಡಿ. ಮೇಲ್ಗಡೆ ಕಿರಿದಾಗಿದ್ದರೆ ಚಾಸಿಸ್ ಕುಸಿದಿದೆ ಅಂತ ಅರ್ಥ, ಮುಟ್ಟಬೇಡಿ. ಟ್ರನಿಯನ್ ಹತ್ತಿರ ಗ್ರೀಸ್ ಕಂಡರೆ ಬೆಲೆಯಲ್ಲಿ 30,000 ಇಳಿಸಿ.

ದಾವಣಗೆರೆ ಗ್ಯಾರೇಜ್:
ಮತ್ತೆ ಗ್ರೀಸ್! ನಮ್ಮಲ್ಲಿ ಒಂದು ಹೆರಾಲ್ಡ್ ಇನ್ನೂ ಓಡುತ್ತಿದೆ. ಬನ್ನಿ, ನಿಮ್ಮೆದುರಿಗೇ ಬಿಚ್ಚಿ ಥ್ರೆಡ್ ತೋರಿಸುತ್ತೇನೆ.

ಮೈಸೂರು ಮಾರ್ಕ್ 3:
ಭಾನುವಾರ ಬರುತ್ತೇನೆ. ಬಿಚ್ಚುವವರೆಗೂ ಆ ಗಾಡಿ ರಸ್ತೆಗೆ ಇಳಿಸಬೇಡಿ.